ಪುಷ್ಯ ಮಳೆಯಲ್ಲಿ ಮೂರು ರಾತ್ರಿ: ಒಂದು ಕಂಟೈನರ್ ಮನೆಯ ವಿಮರ್ಶೆ

ಮನೆ ಕಟ್ಟಿಸುವವರು ಸಾಮಾನ್ಯವಾಗಿ ಬೇಸಿಗೆಯಲ್ಲಿ ನೋಡಲು ಹೋಗುತ್ತಾರೆ. ನಾವು ಬೇಕೆಂದೇ ಜುಲೈ ಕೊನೆಯ ವಾರ, ಪುಷ್ಯ ಮಳೆ ಹಿಡಿದು ಕೂತಿದ್ದಾಗ ಹೋದೆವು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ, ಒಂದು ಕಾಫಿ ತೋಟದ ಅಂಚಿನಲ್ಲಿ, ಹಡಗಿನಲ್ಲಿ ಸರಕು ಸಾಗಿಸುವ ಎರಡು ಕಂಟೈನರ್‌ಗಳನ್ನು ಮನೆಯಾಗಿ ಮಾಡಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಬೆಳಗಿನ ತಿಂಡಿ ಸೇರಿ ಒಂದು ರಾತ್ರಿಗೆ 4,200 ರೂಪಾಯಿ. ನಾವು ಪ್ರವಾಸಕ್ಕೆ ಹೋದವರಲ್ಲ. ಅವನ್ನು ತಯಾರಿಸಿದ ಕಂಪನಿಯವರು ನಮಗೂ ಅಂಥದ್ದೇ ಒಂದು ಮನೆ ಮಾಡಿಕೊಡಲು 9 ಲಕ್ಷ 40 ಸಾವಿರದ ಅಂದಾಜು ಪಟ್ಟಿ ಬರೆದುಕೊಟ್ಟಿದ್ದರು. ಮುಂಗಡ ಕೊಡುವ ಮೊದಲು ಅದರೊಳಗೆ ಮೂರು ರಾತ್ರಿ ಮಲಗಿ ಎದ್ದು ನೋಡಬೇಕೆಂದು ಹಟ ಹಿಡಿದವಳು ನಾನು.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. 33 ವರ್ಷ ಮೂಡಿಗೆರೆ ಸೀಮೆಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದೆ. ಗುಡ್ಡಗಾಡಿನಲ್ಲಿ ಒಂದು ಉಪಕೇಂದ್ರಕ್ಕೆ 3,000 ಜನ ಎಂಬುದು ಸರ್ಕಾರದ ಲೆಕ್ಕ. ಆ ಮೂರು ಸಾವಿರ ಜನ ಒಂದೇ ಕಡೆ ಇರುವುದಿಲ್ಲ; ಒಂದು ಮನೆ ಈ ಗುಡ್ಡದ ನೆತ್ತಿಯಲ್ಲಿದ್ದರೆ ಇನ್ನೊಂದು ಹಳ್ಳದ ಆಚೆ. ಬಾಣಂತಿಯರನ್ನು ನೋಡಲು, ಮಕ್ಕಳಿಗೆ ಚುಚ್ಚುಮದ್ದು ಹಾಕಲು, ಕ್ಷಯದ ಮಾತ್ರೆ ಕಣ್ಣೆದುರಿಗೆ ನುಂಗಿಸಲು ನಾನು ಜಗಲಿಯಲ್ಲಿ ನಿಂತು ಹಿಂದಿರುಗಿದವಳಲ್ಲ, ಒಳಕೋಣೆಯವರೆಗೂ ಹೋದವಳು. ಪಲ್ಸ್ ಪೋಲಿಯೊ ದಿನಗಳಲ್ಲಿ ಸಾವಿರಾರು ಬಾಗಿಲುಗಳ ಪಕ್ಕ ಸೀಮೆಸುಣ್ಣದಿಂದ ಗುರುತು ಹಾಕಿದ್ದೇನೆ. ಹೀಗೆ ಅಲೆದು ಅಲೆದು ನನಗೆ ಮನೆಯ ವಾಸನೆ ತಿಳಿಯುತ್ತದೆ. ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿಯುವುದು ಒಲೆಯ ಹೊಗೆಯೋ, ಒಣಗದ ಬಟ್ಟೆಯೋ, ಗೋಡೆಯ ಬೂಷ್ಟೋ ಎಂದು ಗೊತ್ತಾದರೆ ಆ ಮನೆಯ ಮಗುವಿಗೆ ಯಾವ ಕೆಮ್ಮು ಇದೆಯೆಂದು ಅರ್ಧ ಗೊತ್ತಾದಂತೆ.

ಈಗ ನಾವಿಬ್ಬರೂ ಹಾಸನದ ವಿದ್ಯಾನಗರದಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮವರು ಬಸ್ ಚಾಲಕರಾಗಿದ್ದವರು, ಮಂಡಿ ಸವೆದಿದೆ. ಲಿಫ್ಟ್ ಇಲ್ಲ. ಮೇಲೆ ಸಮತಟ್ಟಾದ ಕಾಂಕ್ರೀಟ್ ತಾರಸಿ, ಪಶ್ಚಿಮಕ್ಕೆ ಗಾಜಿನ ಕಿಟಕಿ, ಅದಕ್ಕೆ ಒಂದು ಸಜ್ಜಾ ಕೂಡ ಇಲ್ಲ. ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಗೋಡೆ ಮುಟ್ಟಿದರೆ ಕಾವಲಿ ಇಳಿಸಿ ಸ್ವಲ್ಪ ಹೊತ್ತಾದ ಹಾಗೆ ಬೆಚ್ಚಗಿರುತ್ತದೆ. ಗೋಣಿಬೀಡಿನ ಹತ್ತಿರ ನನ್ನ ತಂದೆಯ ಕಡೆಯಿಂದ ಬಂದ 14 ಗುಂಟೆ ಜಾಗವಿದೆ. ಅಲ್ಲಿಗೆ ಹಿಂದಿರುಗಿ ನೆಲಮಟ್ಟದಲ್ಲಿ ಒಂದು ಸಣ್ಣ ಮನೆ ಮಾಡಿಕೊಳ್ಳಬೇಕೆಂಬುದು ನಮ್ಮ ಆಸೆ. ಕಂಟೈನರ್ ಮನೆಯ ಯೋಚನೆ ನನ್ನ ತಂಗಿಯ ಮಗನದು. ಎರಡು ತಿಂಗಳಲ್ಲಿ ಮುಗಿಯುತ್ತದೆ, ಮೇಸ್ತ್ರಿಯ ಹಿಂದೆ ಓಡಾಡಬೇಕಿಲ್ಲ, ಮರಳು ಸಿಮೆಂಟಿನ ತಲೆನೋವಿಲ್ಲ ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ.

ಮೊದಲ ನೋಟಕ್ಕೆ ಮನೆ ಚೆನ್ನಾಗಿದೆ. ಕಡುಬೂದು ಬಣ್ಣ, ಕಣಿವೆಯ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು, ಆಚೆ ಮಂಜಿನೊಳಗೆ ಮುಳುಗೇಳುವ ಸಿಲ್ವರ್ ಓಕ್ ಮರಗಳು. ಹಾಸಿಗೆ ಶುಭ್ರ, ಸ್ನಾನದ ಮನೆ ಶುಭ್ರ, ತಿಂಡಿಗೆ ಬಂದ ಕಡುಬು ಮತ್ತು ಕಳಲೆ ಪಲ್ಯ ನಮ್ಮ ಮನೆಯಲ್ಲಿ ಮಾಡಿದಷ್ಟೇ ರುಚಿ. ಒಂದು ರಾತ್ರಿ ಇದ್ದು, ಚಿತ್ರ ತೆಗೆದುಕೊಂಡು ಹೋಗುವವರು ಸಂತೋಷದಿಂದ ಹೋಗುತ್ತಾರೆ; ಹಾಗೆ ಹೋದವರನ್ನು ನಾನು ತಪ್ಪು ಎನ್ನುವುದಿಲ್ಲ.

ನಾನು ಚೀಲದಲ್ಲಿ ಅಳತೆಯ ಪಟ್ಟಿ ತಂದಿದ್ದೆ. ಹೊರಗಿನಿಂದ ಕಂಟೈನರ್ 40 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಉಕ್ಕಿನ ಸುಕ್ಕುಗೋಡೆಯ ಒಳಗೆ ಚೌಕಟ್ಟು ಕೂರಿಸಿ, ಗಾಜಿನ ಉಣ್ಣೆ ತುಂಬಿ, ಜಿಪ್ಸಮ್ ಹಲಗೆ ಹೊಡೆದ ಮೇಲೆ ಉಳಿಯುವ ಅಗಲ 7 ಅಡಿ 2 ಇಂಚು. ಎತ್ತರ 7 ಅಡಿ 5 ಇಂಚು. ಸೀಲಿಂಗ್ ಫ್ಯಾನ್ ಹಾಕಿದರೆ ಕೈ ಎತ್ತಿ ಬಟ್ಟೆ ಹಾಕಿಕೊಳ್ಳುವವನ ಬೆರಳಿಗೆ ತಾಗುತ್ತದೆ, ಅದಕ್ಕೇ ಹಾಕಿಲ್ಲ. ಮಂಚವನ್ನು ಅಡ್ಡ ಹಾಕಿದರೆ ಕಾಲ ಬಳಿ ದಾರಿಯಿಲ್ಲ, ಉದ್ದಕ್ಕೆ ಹಾಕಿದರೆ ಪಕ್ಕದಲ್ಲಿ ಒಬ್ಬರು ಮಾತ್ರ ನಡೆಯಬಹುದು. ಗೋಡೆಯ ಕಡೆ ಮಲಗಿದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು. ನಮ್ಮವರ ಮಂಡಿಗೆ ಅದು ಆಗದ ಮಾತು. ಮುಂದೆ ಯಾರಾದರೂ ಹಾಸಿಗೆ ಹಿಡಿದರೆ, ಎರಡೂ ಪಕ್ಕ ನಿಂತು ಹೊರಳಿಸಿ ಮೈ ಒರೆಸಲು ಜಾಗವೆಲ್ಲಿ? ಎಷ್ಟೋ ಮನೆಗಳಲ್ಲಿ ನಾನು ಆ ಕೆಲಸ ಮಾಡಿದ್ದೇನೆ. ವಯಸ್ಸಾದವರ ಮನೆಯಲ್ಲಿ ಮಂಚದ ಎರಡೂ ಕಡೆ ಎರಡೆರಡು ಅಡಿ ಇರಲೇಬೇಕು.

ಮೊದಲ ರಾತ್ರಿ ಒಂಬತ್ತರ ಸುಮಾರಿಗೆ ಮಳೆ ಜೋರಾಯಿತು. ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಮಳೆಯ ಸದ್ದು ಹೊಸದಲ್ಲ. ಹಂಚಿನ ಮೇಲೆ ಬೀಳುವ ಮಳೆಗೆ ಒಂದು ಹದವಿದೆ. ನೀರು ಸಾಲುಸಾಲಾಗಿ ಇಳಿದು ಸೂರಿನಿಂದ ಅಂಗಳಕ್ಕೆ ಬೀಳುವುದನ್ನು ಕೇಳುತ್ತಲೇ ನಿದ್ದೆ ಬರುತ್ತದೆ. ಉಕ್ಕಿನ ಮೇಲೆ ಬೀಳುವ ಮಳೆ ಬೇರೆಯೇ. ಕಾಳು ತುಂಬಿದ ಡಬ್ಬವನ್ನು ಕಿವಿಯ ಪಕ್ಕ ಕುಲುಕುತ್ತಲೇ ಇದ್ದ ಹಾಗೆ. ಎದುರುಬದುರು ಕುಳಿತ ನಾವು ಕೂಗಿ ಮಾತಾಡಬೇಕಾಯಿತು. ಮರದ ಕೊನೆಯಿಂದ ಉದುರುವ ದೊಡ್ಡ ಹನಿ ಬಿದ್ದರೆ ಯಾರೋ ಕಲ್ಲು ಎಸೆದಂತೆ ಬೆಚ್ಚಿಬೀಳುತ್ತಿದ್ದೆವು. ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಕಿವಿಗೆ ಬಹಳ ಕೆಲಸವಿರುತ್ತದೆ. ಆನೆ ಬಂದು ಬೈನೆ ಮರ ಮುರಿಯುವ ಸದ್ದು, ಹಳ್ಳ ಏರುವ ಸದ್ದು, ನಾಯಿ ಬೊಗಳುವ ರೀತಿ, ಎಲ್ಲವನ್ನೂ ಮಲಗಿದಲ್ಲಿಂದಲೇ ತಿಳಿದುಕೊಳ್ಳಬೇಕು. ಆ ಪೆಟ್ಟಿಗೆಯೊಳಗೆ ಮಳೆಯೊಂದರ ಹೊರತು ಮತ್ತೇನೂ ಕೇಳಲಿಲ್ಲ.

ಬೆಳಿಗ್ಗೆ ಎದ್ದಾಗ ಗಾಜಿನ ಒಳಮೈ ತುಂಬ ನೀರು. ಹೊರಗಿನಿಂದ ಸೋರಿದ್ದಲ್ಲ. ಮಲಗಿದ ಇಬ್ಬರ ಉಸಿರಿನಿಂದಲೇ ಒಂದು ರಾತ್ರಿಗೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಗಾಳಿ ಸೇರುತ್ತದೆ. ಜೊತೆಗೆ ಬಿಸಿನೀರಿನ ಸ್ನಾನ, ಕೆಟಲ್, ಒದ್ದೆ ಬಟ್ಟೆ. ಹಂಚಿನ ಮಾಡಾದರೆ ಸಂದಿಗಳಲ್ಲಿ ಆ ಹಬೆ ಮೇಲಕ್ಕೆ ಹೋಗಿಬಿಡುತ್ತದೆ. ಇಲ್ಲಿ ಹೋಗಲು ದಾರಿಯಿಲ್ಲ. ಮಳೆಯಲ್ಲಿ ತಣ್ಣಗಾದ ಗಾಜಿಗೂ ಉಕ್ಕಿಗೂ ತಗುಲಿ ಮತ್ತೆ ನೀರಾಗುತ್ತದೆ. ಗಾಜಿನ ಮೇಲಿನದು ಕಣ್ಣಿಗೆ ಕಾಣುವುದರಿಂದ ಒರೆಸಬಹುದು. ಹಲಗೆಯ ಹಿಂದೆ, ಉಕ್ಕಿನ ಒಳಮೈಯಲ್ಲಿ ಇಳಿಯುವುದನ್ನು ಒರೆಸುವವರು ಯಾರು? ನಮ್ಮವರ ಸಹಾಯದಿಂದ ಮಂಚವನ್ನು ಸ್ವಲ್ಪ ಎಳೆದು ನೋಡಿದೆ. ಹಲಗೆಯ ಬುಡ ಒಂದು ಗೇಣಿನಷ್ಟು ಎತ್ತರ ಉಬ್ಬಿತ್ತು, ಉದ್ದಕ್ಕೂ ಕಪ್ಪು ಬೂಷ್ಟು. ಆ ವಾಸನೆಯನ್ನು ಹಿಂದಿನ ದಿನ ಬಾಗಿಲು ತೆರೆದಾಗಲೇ ಗುರುತಿಸಿದ್ದೆ. ಮೇಲೆ ಹೊಡೆದಿದ್ದ ಮಲ್ಲಿಗೆಯ ಸುಗಂಧದಿಂದ ಸ್ವಲ್ಪ ಅನುಮಾನ ಉಳಿದಿತ್ತು ಅಷ್ಟೆ. ಮನೆ ಮಾಡಿ ಇನ್ನೂ ಎರಡೇ ವರ್ಷವಂತೆ.

ಇದೇ ವಾಸನೆಯನ್ನು ನಾನು ಎಲ್ಲಿ ಹೆಚ್ಚು ಕುಡಿದಿದ್ದೇನೆಂದರೆ ಹಳೆಯ ತೋಟಗಳ ಲೈನ್ ಮನೆಗಳಲ್ಲಿ. ಹೊರಗಿನವರಿಗೆ ಗೊತ್ತಿಲ್ಲದಿರಬಹುದು: ತೋಟದ ಕೆಲಸಗಾರರಿಗಾಗಿ ಒಂದೇ ಮಾಡಿನ ಕೆಳಗೆ ಆರು, ಎಂಟು, ಹತ್ತು ಮನೆಗಳನ್ನು ಸಾಲಾಗಿ ಕಟ್ಟಿರುತ್ತಾರೆ. ತೋಟದಲ್ಲಿ ನೆಲೆಸುವ ಕಾರ್ಮಿಕರಿಗೆ ವಸತಿ ಕೊಡುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಕೆಲವು ತೋಟಗಳಲ್ಲಿ ಅದನ್ನು ಮನಸ್ಸಿಟ್ಟು ಕಟ್ಟಿದ್ದನ್ನು ಕಂಡಿದ್ದೇನೆ: ಎರಡು ಕೋಣೆ, ಹಿಂದಕ್ಕೊಂದು ಬಾಗಿಲು, ಹೊಗೆ ಹೋಗಲು ಗೂಡು. ಇನ್ನು ಕೆಲವು ಕಡೆ ಒಂದೇ ಕೋಣೆ, ಹಿಂದಿನ ಗೋಡೆಗೆ ಒಂದು ಕಿಂಡಿಯೂ ಇಲ್ಲ. ಮುಂದಿನ ಬಾಗಿಲಿನಿಂದ ಬಂದ ಬೆಳಕು ಒಲೆಯವರೆಗೆ ತಲುಪುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಸೌದೆ ಉರಿಸಿ ಅದೇ ಕೋಣೆಯಲ್ಲಿ ಅಡುಗೆ, ಅದೇ ಕೋಣೆಯಲ್ಲಿ ಬಾಣಂತಿ. ನೇರ ಬಿಸಿಲು ಬಿದ್ದರೆ ಕ್ಷಯದ ರೋಗಾಣು ಬೇಗ ಸಾಯುತ್ತದೆ, ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಒಂದೇ ಸಾಲಿನ ಮೂರು ಮನೆಗಳಿಗೆ ನಾನು ಮಾತ್ರೆ ಕೊಟ್ಟ ವರ್ಷವೊಂದಿದೆ. ಆಗ ಮೇಲಿನವರಿಗೆ ಬರೆದ ವರದಿಯಲ್ಲಿ ಔಷಧಿಯ ಜೊತೆಗೆ ಹಿಂದಿನ ಗೋಡೆಗೆ ಎರಡೆರಡು ಅಡಿಯ ಕಿಟಕಿ ಬೇಕೆಂದೂ ಬರೆದಿದ್ದೆ. ಔಷಧಿ ಬಂತು.

ಎಂಥ ಮನೆಯಲ್ಲಿ ಇರಲು ನಿಮಗೆ ಇಷ್ಟವಿಲ್ಲ ಎಂದು ಯಾರಾದರೂ ಕೇಳಿದರೆ ನಾನು ಸಣ್ಣ ಮನೆ ಎನ್ನುವುದಿಲ್ಲ, ಬಡವರ ಮನೆ ಎನ್ನುವುದಿಲ್ಲ. ಒಳಗಿನ ಉಸಿರು ಹೊರಗೆ ಹೋಗದ ಮನೆ ಎನ್ನುತ್ತೇನೆ. ಹತ್ತು ಅಡಿಯ ಸೋಗೆ ಗುಡಿಸಲಿನಲ್ಲಿ ದಷ್ಟಪುಷ್ಟ ಮಗುವನ್ನು ತೂಗಿದ್ದೇನೆ; ಕಲ್ನಾರು ಶೀಟಿನ ಹೊಸ ಮನೆಯಲ್ಲಿ ಉಬ್ಬಸದ ಮಗುವಿಗೆ ಔಷಧಿ ಬರೆಸಲು ರಾತ್ರಿ ಜೀಪು ಹಿಡಿದಿದ್ದೇನೆ. ಕಲ್ನಾರು ಶೀಟನ್ನು ಕೊರೆದು, ಮುರಿದು, ಅದರ ಧೂಳು ಕುಡಿದರೆ ಶ್ವಾಸಕೋಶಕ್ಕೆ ಅಪಾಯ ಎಂಬುದು ಎಲ್ಲರಿಗೂ ತಿಳಿಯಬೇಕು. ಗಾಳಿಗೆ ಹಾರಿ ಒಡೆದ ಶೀಟಿನ ಚೂರುಗಳನ್ನು ಮಕ್ಕಳು ಆಟಕ್ಕೆ ಉಜ್ಜುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಎರಡನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಬಂದದ್ದು ಮೂರನೆಯ ದಿನ ಸಂಜೆ. ಆ ಗಾಳಿಮಳೆಯಲ್ಲಿ ಮರ ಬಿದ್ದು ತಂತಿ ಹರಿಯುವುದು ಸಹಜ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಆ ಒಂದೂಕಾಲು ದಿನದಲ್ಲಿ ಮನೆಯ ಬಂಡವಾಳ ಪೂರ್ತಿ ಗೊತ್ತಾಯಿತು. ಗಾಳಿ ಎಳೆದುಹಾಕುವ ಫ್ಯಾನ್ ನಿಂತಿತು, ಬಿಸಿನೀರು ನಿಂತಿತು, ಇಂಡಕ್ಷನ್ ಒಲೆ ನಿಂತಿತು. ಗಾಜಿನ ಗೋಡೆಯಲ್ಲಿ ತೆರೆಯುವ ಭಾಗ ಒಂದೇ ಒಂದು ಜಾರುಬಾಗಿಲು. ತೆರೆದರೆ ಮಳೆಯ ಇರಚಲು ನೇರ ಹಾಸಿಗೆಗೆ. ಮುಚ್ಚಿದರೆ ಉಸಿರು ಕಟ್ಟುತ್ತದೆ. ಒಂದು ಅಡಿ ಸೂರು ಹೊರಗೆ ಚಾಚಿದ್ದರೂ ಸಾಕಿತ್ತು.

ನಮ್ಮ ಕಡೆಯ ಹಳೆಯ ಮನೆಗಳಿಗೆ ಮೂರು ನಾಲ್ಕು ಅಡಿ ಸೂರು ಇಳಿಬಿಡುತ್ತಿದ್ದದ್ದು ಚೆಂದಕ್ಕಲ್ಲ. ಗೋಡೆ ಮಣ್ಣಿನದು, ಅದಕ್ಕೆ ಮಳೆ ತಾಗಬಾರದು. ಜಗಲಿಯಿದ್ದದ್ದೂ ಬರಿದೆ ಹರಟೆಗಲ್ಲ. ಹೊರಗಿನಿಂದ ಬಂದವನು ಅಲ್ಲಿ ಕೊಡೆ ಒರಗಿಸುತ್ತಾನೆ, ಕಂಬಳಿ ಕೊಪ್ಪೆ ಗಿಳಿಗೂಟಕ್ಕೆ ಹಾಕುತ್ತಾನೆ, ಕಾಲಿಗೆ ಹತ್ತಿದ ಇಂಬಳ, ಅಂದರೆ ಜಿಗಣೆ, ಕಿತ್ತು ಸುಣ್ಣ ಹಚ್ಚುತ್ತಾನೆ, ಕೆಸರು ತೊಳೆದು ಒಳಗೆ ಬರುತ್ತಾನೆ. ಕಂಟೈನರ್ ಮನೆಯ ಹೊಸ್ತಿಲು ದಾಟಿದರೆ ನೇರ ಮಂಚ. ನಮ್ಮ ಒದ್ದೆ ಕೊಡೆಗಳನ್ನು ಮೂರು ದಿನವೂ ಶೌಚಾಲಯದಲ್ಲಿಟ್ಟೆವು. ನಮ್ಮವರ ಅಂಗಿಗೆ ಹತ್ತಿಕೊಂಡು ಬಂದ ಒಂದು ಇಂಬಳ ಬಿಳಿ ಹೊದಿಕೆಯ ಮೇಲೆ ಸಿಕ್ಕಿತು. ಬಚ್ಚಲ ಒಲೆಯೊಂದು ಇದ್ದಿದ್ದರೆ ಹಂಡೆಯಲ್ಲಿ ನೀರು ಕಾಯುತ್ತಿತ್ತು, ಅದರ ಮೇಲಿನ ಬಿದಿರಿಗೆ ಹಾಕಿದ ಬಟ್ಟೆ ಒಣಗುತ್ತಿತ್ತು, ಬೂದಿಯಲ್ಲಿ ಹಲಸಿನ ಬೀಜ ಸುಡಬಹುದಿತ್ತು. ಮಳೆಗಾಲದಲ್ಲಿ ಆ ಒಲೆಯೇ ಮನೆಯ ಹೊಟ್ಟೆ. ಹೊಗೆಯ ಕೆಡುಕು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಹೊಗೆ ಕೊಳವೆ ಇಟ್ಟು, ಮನೆಗೆ ತಾಗಿಯೂ ತಾಗದಂತೆ ಬಚ್ಚಲು ಕಟ್ಟಬೇಕು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಸಾಧಾರಣ ದೂರಾಗುತ್ತಿತ್ತು. ಎರಡನೆಯ ದಿನ ಸಂಜೆ ಮಳೆ ಸ್ವಲ್ಪ ಬಿಟ್ಟಾಗ ನಾನು ಮನೆಯ ಹಿಂದಕ್ಕೆ ಹೋದೆ. ಮುಂದಿನ ಗಾಜಿನಿಂದ ಕಾಣುವ ಕಣಿವೆಯನ್ನು ಎಲ್ಲರೂ ನೋಡುತ್ತಾರೆ. ಹಿಂದೆ ಏನಿದೆಯೆಂದು ನೋಡುವವರು ಕಡಿಮೆ. ಕಂಟೈನರ್ ಕೂರಿಸಲು ಸಮತಟ್ಟು ಬೇಕೆಂದು ಯಂತ್ರ ತಂದು ಗುಡ್ಡವನ್ನು ನೇರ ಕಡಿದಿದ್ದಾರೆ. ಕಡಿದ ಮಣ್ಣಿನ ಗೋಡೆ ನನ್ನ ಅಂದಾಜಿಗೆ 14 ಅಡಿ. ಒಂದು ಕಲ್ಲಿನ ಕಟ್ಟಣೆಯಿಲ್ಲ, ಮೆಟ್ಟಿಲಿನ ಹಾಗೆ ಇಳಿಸಿಲ್ಲ. ಮೇಲಿನಿಂದ ಬರುವ ನೀರನ್ನು ತಿರುಗಿಸುವ ಚರಂಡಿಯಿಲ್ಲ. ಕೆಳಗಿನ ಅರ್ಧದಲ್ಲಿ ಎರಡು ಕಡೆ ಕೆಮ್ಮಣ್ಣು ನೀರು ಜಿನುಗುತ್ತಿತ್ತು. ಅಂಚಿನ ಮೇಲಿದ್ದ ಒಂದು ಹಾಲವಾಣ ಮರ ಮನೆಯ ಕಡೆಗೆ ವಾಲಿತ್ತು.

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳು ಹೋದದ್ದನ್ನು ನೋಡಿದವಳು ನಾನು. ಪರಿಹಾರ ಕೇಂದ್ರದಲ್ಲಿ ಮಲಗಿದ್ದವರಿಗೆ ಜ್ವರ, ಭೇದಿ ಬಾರದಂತೆ ನೋಡಿಕೊಳ್ಳುವ ಕೆಲಸ ನಮ್ಮದಾಗಿತ್ತು. ಅಲ್ಲಿ ಕುಳಿತು ಅವರು ಹೇಳಿದ ಮಾತುಗಳು ಒಂದೇ ರೀತಿ ಇದ್ದವು. ಹಿಂದಿನ ದಿನ ಬಾಗಿಲು ಹಾಕಲು ಬಿಗಿಯಾಯಿತು. ಬಾವಿಯ ನೀರು ಕದಡಿತು. ಎಂದೂ ಇಲ್ಲದ ಕಡೆ ನೀರಿನ ಕಣ್ಣು ಒಡೆಯಿತು. ಅಂಗಳದಲ್ಲಿ ಕೂದಲೆಳೆಯ ಬಿರುಕು ಕಂಡಿತು, ಸೆಗಣಿ ಸಾರಿಸಿ ಮುಚ್ಚಿದೆವು. ಆ ಮಾತುಗಳನ್ನು ಕೇಳಿದ ಮೇಲೆ ಕಡಿದ ಗುಡ್ಡದ ಬುಡದಲ್ಲಿರುವ ಯಾವ ಮನೆಯಲ್ಲೂ ಮಳೆಗಾಲದ ರಾತ್ರಿ ಮಲಗಲು ನನಗೆ ಮನಸ್ಸಾಗುವುದಿಲ್ಲ. ಅದು ಉಕ್ಕಿನದಿರಲಿ, ಕಲ್ಲಿನದಿರಲಿ. ನಾವು ಇದ್ದದ್ದು ಮೊದಲನೆಯ ಕಂಟೈನರ್. ಗುಡ್ಡದಿಂದ ಸುಮಾರು ಮೂವತ್ತು ಅಡಿ ದೂರ. ಎರಡನೆಯದು ಗುಡ್ಡಕ್ಕೆ ಎಂಟೇ ಅಡಿ.

ಆ ಎಂಟು ಅಡಿಯ ಸಂದಿಯಲ್ಲಿ ಒಂದು ತಗಡಿನ ಕೋಣೆಯಿತ್ತು. ಪಂಪಿನ ಕೋಣೆಯೆಂದುಕೊಂಡೆ. ಒಳಗಿನಿಂದ ಮಗು ಅಳುವುದು ಕೇಳಿತು.

ನಮಗೆ ಕಡುಬು ಬಡಿಸಿದ, ಕರೆಂಟು ಹೋದಾಗ ಮೇಣದಬತ್ತಿ ತಂದುಕೊಟ್ಟ, ನಮ್ಮವರ ಕೈ ಹಿಡಿದು ಕೆಸರಿನ ಮೆಟ್ಟಿಲು ದಾಟಿಸಿದ ಹುಡುಗನ ಮನೆ ಅದು. ಅಸ್ಸಾಮಿನಿಂದ ಬಂದವನು. ಈಗ ನಮ್ಮ ತೋಟಗಳಲ್ಲಿ ಆ ಕಡೆಯ ಕೆಲಸಗಾರರು ಬಹಳ ಇದ್ದಾರೆ. ಎರಡು ವರ್ಷದಲ್ಲಿ ಅವನು ಕಲಿತ ಕನ್ನಡ ಅಚ್ಚುಕಟ್ಟಾಗಿದೆ. ಎಂಟು ಅಡಿಗೆ ಹತ್ತು ಅಡಿಯ ತಗಡಿನ ಕೋಣೆ, ಗಂಡ, ಹೆಂಡತಿ, ಹನ್ನೊಂದು ತಿಂಗಳ ಹೆಣ್ಣು ಮಗು, ಮೂಲೆಯಲ್ಲಿ ಪಂಪು. ನೆಲದ ಮೇಲೆ ಹಳೆಯ ಪ್ಲೈವುಡ್ ಹಲಗೆ ಹಾಸಿ ಅದರ ಮೇಲೆ ಹಾಸಿಗೆ. ಆ ಹಲಗೆಯ ಕೆಳಗೆ ನೀರು ಹರಿಯುತ್ತಿತ್ತು. ಹುಡುಗಿ ಮಗುವನ್ನು ಎದೆಗೆ ಕಟ್ಟಿಕೊಂಡು ಗ್ಯಾಸ್ ಒಲೆಯ ಮುಂದೆ ಕುಳಿತಿದ್ದಳು. ಮಗುವಿನ ಪಕ್ಕೆ ಸೆಳೆಯುತ್ತಿದೆಯೇ ಎಂದು ಅಂಗಿ ಎತ್ತಿ ನೋಡಿದೆ. ಇಲ್ಲ, ಬರೀ ನೆಗಡಿ. ತಾಯಿ ಕಾರ್ಡು ತೋರಿಸಿದರೆ ಒಂಬತ್ತು ತಿಂಗಳಿಗೆ ಹಾಕಬೇಕಾದ ದಡಾರ ರುಬೆಲ್ಲಾ ಚುಚ್ಚುಮದ್ದು ಬಾಕಿ. ನಿವೃತ್ತಳಾದರೂ ಕೈ ಸುಮ್ಮನಿರಲಿಲ್ಲ. ಆ ಭಾಗದ ಆಶಾ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನ್ ಮಾಡಿದೆ, ಮುಂದಿನ ಗುರುವಾರಕ್ಕೆ ಹೆಸರು ಬರೆಸಿದೆ.

ಆ ರಾತ್ರಿ ನಾವಿಬ್ಬರೂ ಮಲಗಲಿಲ್ಲ. ಅವರನ್ನು ನಮ್ಮ ಕಡೆಗೆ ಬಂದು ಮಲಗಿ ಎಂದು ಕರೆದೆ. ಮಾಲೀಕರಿಗೆ ತಿಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ಕೋಣೆಯೂ ಹೋಗುತ್ತದೆ ಎಂದ. ಲೈನ್ ಮನೆಗಳಲ್ಲಿ 33 ವರ್ಷ ಕೇಳಿದ ಮಾತು ಅದೇ. ಕುದುರೆಮುಖದಲ್ಲೂ ಕೇಳಿದ್ದೆ. ಅಲ್ಲಿನ ಮನೆಗಳು ಒಳ್ಳೆಯವು: ಆಸ್ಪತ್ರೆ, ಶಾಲೆ, ನೀರು, ರಸ್ತೆ ಎಲ್ಲವನ್ನೂ ಗಣಿ ಕಂಪನಿ ಮಾಡಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಜನ ಒಬ್ಬೊಬ್ಬರಾಗಿ ಹೊರಟರು. ಕಾಡು ಉಳಿಯಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಆಮೇಲೊಮ್ಮೆ ಆ ದಾರಿಯಲ್ಲಿ ಹೋಗುವಾಗ ಬಾಗಿಲು ಮುಚ್ಚಿದ ಮನೆಗಳ ಸಾಲು ನೋಡಿ ಕಣ್ಣು ತುಂಬಿತು. ಕೆಲಸಕ್ಕೆ ಅಂಟಿಕೊಂಡ ಮನೆಯಲ್ಲಿ ಹೆಂಗಸರು ಗೋಡೆಗೆ ಮೊಳೆ ಹೊಡೆಯಲೂ ಹಿಂಜರಿಯುತ್ತಾರೆ. ಅಂಗಳದಲ್ಲಿ ಮೂರು ತಿಂಗಳಿಗೆ ಕೈಗೆ ಬರುವ ಬೆಂಡೆ, ಹೀರೆ ಹಾಕುತ್ತಾರೆ. ತೆಂಗಿನ ಸಸಿ ನೆಡುವುದಿಲ್ಲ.

ಮೂರನೆಯ ರಾತ್ರಿ ಮಳೆ ಇಳಿದಿತ್ತು. ನಾಲ್ಕನೆಯ ಬೆಳಿಗ್ಗೆ ಹಣ ಪೂರ್ತಿ ಕೊಟ್ಟು ಹೊರಟೆವು. ಮಾಲೀಕರಿಗೆ ಎರಡು ಪುಟದ ಪತ್ರ ಬರೆದುಕೊಟ್ಟೆ: ಆ ಕುಟುಂಬವನ್ನು ಕೂಡಲೇ ಮೊದಲನೆಯ ಕಂಟೈನರ್‌ಗೆ ಸ್ಥಳಾಂತರಿಸಬೇಕು, ಮಳೆ ಮುಗಿಯುವವರೆಗೆ ಎರಡನೆಯದನ್ನು ಬಾಡಿಗೆಗೆ ಕೊಡಬಾರದು, ಗುಡ್ಡದ ಮೇಲೆ ನೀರು ತಿರುಗಿಸುವ ಚರಂಡಿ ತೆಗೆಯಬೇಕು, ಬೇಸಿಗೆಯಲ್ಲಿ ಕಲ್ಲಿನ ತಡೆಗೋಡೆ ಕಟ್ಟಬೇಕು. ಅವರು ಸೌಜನ್ಯದಿಂದಲೇ ಓದಿದರು, ನೋಡೋಣ ಎಂದರು.

ಕಂಟೈನರ್ ಮಾಡಿಕೊಡುವ ಕಂಪನಿಗೆ ನಮ್ಮ ಉತ್ತರ ಬೇಡ ಎಂದು. ಇನ್ನೊಂದು ಕಾರಣವೂ ಸೇರಿಕೊಂಡಿತು. ಖಾಲಿ 40 ಅಡಿಯ ಕಂಟೈನರ್ ಮೂರೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಅದನ್ನು ಹೊತ್ತ ಲಾರಿ ನಮ್ಮ ಜಾಗದ ತಿರುವಿನಲ್ಲಿ ತಿರುಗಬೇಕಾದರೆ ನನ್ನ ತಂದೆ ನೆಟ್ಟ ಎರಡು ಹಲಸಿನ ಮರ ಕಡಿಯಬೇಕು, ಕ್ರೇನ್ ನಿಲ್ಲಲು ದರೆ ತೆಗೆಯಬೇಕು.

ಹಾಗೆಂದು ಬಯಲುಸೀಮೆಯಲ್ಲಿ, ಕಚೇರಿಗೋ ಅಂಗಡಿಗೋ ಬೇಕೆನ್ನುವವರು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಗಟ್ಟಿಯಾಗಿದೆ, ಬೇಗ ಆಗುತ್ತದೆ, ಕಿತ್ತು ಒಯ್ಯಬಹುದು. ಮಲೆನಾಡಿನಲ್ಲೇ ಬೇಕೆಂದರೆ ನಾನು ಕಂಡದ್ದರ ಮೇಲೆ ಇಷ್ಟು ಕೇಳಿ ಪಡೆಯಿರಿ. ಉಕ್ಕಿನ ಚಾವಣಿಯ ಮೇಲೆ ಒಂದೆರಡು ಅಡಿ ಬಿಟ್ಟು ಬೇರೆಯೇ ಒಂದು ಇಳಿಜಾರು ಮಾಡು ಹಾಕಿಸಿ, ಅದು ನಾಲ್ಕೂ ಕಡೆ ಮೂರು ಅಡಿ ಹೊರಗೆ ಚಾಚಲಿ; ಸದ್ದು, ಬಿಸಿಲು, ಇರಚಲು ಮೂರೂ ತಗ್ಗುತ್ತವೆ. ಎದುರುಬದುರು ಗೋಡೆಗಳ ಮೇಲ್ಭಾಗದಲ್ಲಿ ಕರೆಂಟಿಲ್ಲದೆ ಗಾಳಿಯಾಡುವ ಕಿಂಡಿಗಳಿರಲಿ. ಇಡೀ ಮನೆ ಲೋಹದ್ದಾದ್ದರಿಂದ ಭೂಸಂಪರ್ಕದ ತಂತಿಯನ್ನು ನಿಮ್ಮ ಎದುರಿಗೇ ಪರೀಕ್ಷೆ ಮಾಡಿಸಿ. ಮತ್ತೊಂದು, ಇದನ್ನು ಯಾರೂ ಹೇಳುವುದಿಲ್ಲ: ಹಡಗಿನ ಕಂಟೈನರ್‌ನ ನೆಲದ ಪ್ಲೈವುಡ್ಡಿಗೆ ಹುಳು ಹಿಡಿಯದಂತೆ ಕೀಟನಾಶಕ ಉಣಿಸಿರುತ್ತಾರೆ. ಬಾಗಿಲ ಮೇಲೆ ಹೊಡೆದಿರುವ ತಗಡಿನ ಫಲಕದಲ್ಲಿ ಅದರ ವಿವರವಿರುತ್ತದೆ. ಫಲಕ ತೋರಿಸಿ ಎಂದು ಕೇಳಿ, ಆ ಹಲಗೆ ತೆಗೆಸಿ ಹೊಸದು ಹಾಕಿಸಿ. ನಾವು ಮಲಗಿದ ಮನೆಯಲ್ಲಿ ಹಳೆಯ ಹಲಗೆಯ ಮೇಲೆಯೇ ವಿನೈಲ್ ಹಾಸಿದ್ದರು. ಎರಡನೆಯದರಲ್ಲಿ ಕಿತ್ತು ತೆಗೆದ ಹಲಗೆಗಳೇ ಆ ಹುಡುಗನ ಹಾಸಿಗೆಯ ಕೆಳಗಿದ್ದವು. ಕೂಸು ಅಂಬೆಗಾಲಿಡುತ್ತಿದ್ದದ್ದು ಅದರ ಮೇಲೆ.

ನಾವು 620 ಚದರಡಿಯ ಇಟ್ಟಿಗೆ ಮನೆಗೆ ಗೆರೆ ಹಾಕಿಸಿದ್ದೇವೆ. ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಹಂಚು ಅದು. ಒಡೆದರೆ ಒಂದನ್ನು ಮಾತ್ರ ಬದಲಿಸಿದರೆ ಮುಗಿಯಿತು. ನಮ್ಮವರು ಹಳೆಯ ಮನೆ ಕೆಡವುವ ಕಡೆ ಹೋಗಿ ಬಾರಿಸಿ ನೋಡಿ ಗಟ್ಟಿ ಹಂಚು ಆರಿಸುತ್ತಿದ್ದಾರೆ. ದೀಪಾವಳಿ ಕಳೆದ ಮೇಲೆ ಪಾಯ.

ಮೊನ್ನೆ ಮಂಗಳವಾರ ಆ ಹುಡುಗ ಫೋನ್ ಮಾಡಿದ್ದ. ಮಗುವಿಗೆ ಚುಚ್ಚುಮದ್ದು ಆಯಿತು, ಒಂದು ದಿನ ಜ್ವರ ಬಂದು ಬಿಟ್ಟಿತು. ಗುಡ್ಡದ ಮೇಲೆ ಚರಂಡಿ ತೆಗೆದಿದ್ದಾರೆ, ವಾಲಿದ್ದ ಹಾಲವಾಣ ಕಡಿದಿದ್ದಾರೆ. ಎರಡನೆಯ ಕಂಟೈನರ್‌ಗೆ ಶನಿವಾರ ಮತ್ತೆ ಅತಿಥಿಗಳು ಬರುತ್ತಾರಂತೆ. ನೀವು ಎಲ್ಲಿ ಮಲಗುತ್ತೀರಿ ಎಂದು ಕೇಳಿದೆ. ಅಲ್ಲಿಯೇ ಎಂದ. ಆಶ್ಲೇಷ ಮಳೆ ಇನ್ನೂ ಪೂರ್ತಿ ಬಾಕಿಯಿದೆ. ಶನಿವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೋಗುತ್ತಿದ್ದೇವೆ. ಆ ಅತಿಥಿಗಳು ಇದನ್ನು ಓದುತ್ತಿದ್ದರೆ, ಒಳಗೆ ಹೋಗುವ ಮೊದಲು ದಯವಿಟ್ಟು ಮನೆಯ ಹಿಂದಕ್ಕೆ ಬನ್ನಿ, ನಾನು ಅಲ್ಲಿರುತ್ತೇನೆ.